ಎಡೆದೊರೆ ನಾಡಿನ ಬೇಸಗೆಯೂ ಲಕ್ಕಮ್ಮನ ಅಳತೆಯೂ

ಅಮರಕೋಶದ ಪಾಠವು ವಾರಿವರ್ಗಕ್ಕೆ ಬಂದೊಡನೆ ನಮ್ಮ ಪಾಠಶಾಲೆಯ ಮಕ್ಕಳು ಪ್ರತಿವರ್ಷವೂ ಒಂದೇ ಪ್ರಶ್ನೆಯನ್ನು ಕೇಳುವುದುಂಟು. ನೀರಿನ ಹೆಸರುಗಳ ಸಾಲಿನಲ್ಲಿ ‘ಜೀವನ’ ಎಂಬುದೊಂದು ಬರುತ್ತದೆ. ಅದರ ಅರ್ಥವನ್ನು ಹೇಳಿಕೊಡಬೇಕಾದುದೇ ಇಲ್ಲ. ಆದರೆ ಅದರ ನೆರೆಯಲ್ಲಿಯೇ ‘ವನ’ ಎಂಬ ಹೆಸರೂ ಬರುತ್ತದೆ. “ಗುರುಗಳೇ, ವನವೆಂದರೆ ಕಾಡಲ್ಲವೇ, ತೋಟವಲ್ಲವೇ? ನೀರು ಹೇಗಾದೀತು?” ಎಂದು ಮಕ್ಕಳು ಕೇಳುತ್ತಾರೆ. ಎರಡೂ ಉಂಟು, ಸಂಸ್ಕೃತದಲ್ಲಿ ನೀರಿಗೂ ವನವೆನ್ನುವರು, ಗಿಡಮರಗಳ ಸಮೂಹಕ್ಕೂ ವನವೆನ್ನುವರು ಎಂದು ಹೇಳಿ ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆನು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹಿತ್ತಲಿನ ಗಿಡಗಳ ಮುಂದೆ ಬರಿಯ ಕೊಡವನ್ನು ಹಿಡಿದು ನಿಂತವನಿಗೆ ಆ ಪ್ರಶ್ನೆಯು ಬೇರೊಂದು ರೂಪದಿಂದ ಎದುರಾಗುತ್ತದೆ. ಮನೆಯ ಜೀವನಕ್ಕೆ ಎಷ್ಟು, ಹಿತ್ತಲಿನ ವನಕ್ಕೆ ಎಷ್ಟು? ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರಾಂತದ ಸದ್ಭಕ್ತ ಗೃಹಸ್ಥರ ಸಲುವಾಗಿ ಈ ಸಲದ ಪಾಠದಲ್ಲಿ ಇದನ್ನೇ ವಿಚಾರಿಸುವೆನು.

ನಮ್ಮ ಈ ನಾಡಿಗೆ ಹಿಂದಿನವರು ಎಡೆದೊರೆ ನಾಡೆಂದು ಹೆಸರಿಟ್ಟರು. ಎರಡು ದೊರೆಗಳ, ಅಂದರೆ ಎರಡು ಹೊಳೆಗಳ ಎಡೆಯಲ್ಲಿರುವ ನಾಡೆಂದು ಅದರ ಭಾವ. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಹೀಗಿದ್ದೂ ಬೇಸಗೆಯಲ್ಲಿ ಇಲ್ಲಿ ಕುಡಿಯುವ ನೀರಿಗಾಗಿ ಸಾಲುಗಟ್ಟಿ ನಿಲ್ಲುವುದು ತಪ್ಪಲಿಲ್ಲ. ಹೊಳೆಯ ಸಮೀಪದಲ್ಲಿರುವುದು ಬೇರೆ, ಮನೆಯ ಹರವಿಯಲ್ಲಿ ನೀರಿರುವುದು ಬೇರೆ. ಸಿಂಧನೂರು ಸೀಮೆಯು ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿದೆ. 1953ರಲ್ಲಿ ಪೂರೈಸಿದ ಅಣೆಕಟ್ಟಿನಿಂದ ಹೊರಟ ಆ ಕಾಲುವೆಯು 227 ಕಿಲೋಮೀಟರು ಉದ್ದ ಹರಿಯುತ್ತದೆ. ಬೆಳೆಗೆ ಬಿಡುವ ನೀರು ಬೇಸಗೆಯಲ್ಲಿ ನಿಂತಮೇಲೆ ಊರಿನವರಿಗೆ ಉಳಿಯುವುದು ಮೊದಲೇ ಕೆರೆಗೆ ತುಂಬಿಸಿಟ್ಟುಕೊಂಡದ್ದಷ್ಟೇ. ಲಿಂಗಸುಗೂರಿನ ಕಡೆಗೆ ಕೃಷ್ಣೆಯ ನಾರಾಯಣಪುರದ ಬಸವಸಾಗರವೂ ಅದರ ಬಲದಂಡೆ ಕಾಲುವೆಯೂ ಉಂಟು; ಕಾಲುವೆ ತಲುಪದ ಊರುಗಳಿಗೆ ಕೊಳವೆಬಾವಿಯೇ ಗತಿ. ಮಸ್ಕಿಯಲ್ಲಿ ಹಳ್ಳ, ಕೆರೆ, ಕೊಳವೆಬಾವಿಗಳ ಮೇಲೆ ಜೀವನ. ಕೊಳವೆಬಾವಿಯ ನೀರಾದರೋ ಅನೇಕ ಗ್ರಾಮಗಳಲ್ಲಿ ಸವಳು. ಅನೇಕ ಕಡೆ ಫ್ಲೋರೈಡಿನ ಅಂಶವು ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ಮೀರಿ ಮಕ್ಕಳ ಹಲ್ಲುಗಳನ್ನೂ ಹಿರಿಯರ ಕೀಲುಗಳನ್ನೂ ಕೆಡಿಸಿದೆ.

ಇದರ ಮೇಲೆ ಬಿಸಿಲು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದು ಇಲ್ಲಿ ಹೊಸದೇನೂ ಅಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಅದರ ಬೆನ್ನಿಗೆ ಬಂದ 2024ರ ಬೇಸಗೆಯನ್ನು ಉಂಡವರು ಮರೆಯಲಾರರು. ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ, ಆಗತಾನೆ ತುಂಬಿದ ನೀರು ಹೊಳೆಯ ಪಾಲಾಗುವುದನ್ನು ಕಂಡು ಈ ಸೀಮೆಯ ಒಕ್ಕಲಿಗರು ನಿದ್ದೆಗೆಟ್ಟರು. ಹರಿಯುವ ನೀರಿನಲ್ಲಿಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿದ ಕೆಲಸಗಾರರನ್ನು ಎಷ್ಟು ಹೊಗಳಿದರೂ ಸಾಲದು.

ಹೀಗೆ ನೀರು ಕೊರತೆಯಾದಾಗ ಗೃಹಸ್ಥನು ನಡೆಯತಕ್ಕ ರೀತಿ ಯಾವುದು? ಇದಕ್ಕೆ ಉತ್ತರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣಕ್ಕೆ ಹೋಗಿ ನೆಲೆಸಿದ ಈ ಶರಣರ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದಳು. ಈ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಒಂದು ಸೂಕ್ಷ್ಮವನ್ನು ಗಮನಿಸುವವರು ವಿರಳ. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ನೆಲದ ಮೇಲೆ ಬಿದ್ದುದನ್ನು ಮೈಮುರಿದು ಆಯ್ದುದು. ದೋಷವೆಲ್ಲಿ? ಅಳತೆಯಲ್ಲಿ. ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮೀರಿದ ಭಾಗವು ಮತ್ತೊಬ್ಬರ ಬಟ್ಟಲಿನದು ಎಂಬುದೇ ಆಕೆಯ ತಿಳಿವು. ತನ್ನ ಮನೆಯ ನಳದಲ್ಲಿ ಬಂದ ನೀರು, ತಾನು ಕರ ತೆತ್ತ ನೀರು, ಎಷ್ಟಾದರೂ ಬಳಸುವೆನು ಎನ್ನುವವನು ಲಕ್ಕಮ್ಮನ ಎದುರು ನಿಂತು ಈ ಮಾತನ್ನು ಆಡಬಲ್ಲನೇ ಎಂದು ಒಮ್ಮೆ ಯೋಚಿಸಲಿ.

ಇನ್ನು ಅಳತೆಗೆ ಬರೋಣ. ಗ್ರಾಮಗಳ ಮನೆಮನೆಗೆ ನಳದ ನೀರನ್ನು ಕೊಡುವ ಜಲಜೀವನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರೆಂದು ಗೊತ್ತುಮಾಡಿದ್ದಾರೆ. ಪಟ್ಟಣಗಳಿಗೆ 135 ಲೀಟರು. ನಮ್ಮ ಮನೆಗಳ ಕೊಡವು ಸುಮಾರು 15 ಲೀಟರು ಹಿಡಿಯುತ್ತದೆಂದು ಇಟ್ಟುಕೊಂಡರೆ ಗ್ರಾಮದಲ್ಲಿ ಒಬ್ಬರಿಗೆ ಮೂರೂವರೆ ಕೊಡಕ್ಕಿಂತ ಸ್ವಲ್ಪ ಹೆಚ್ಚು. ಐದು ಜನರ ಮನೆಗೆ ಹದಿನೆಂಟು ಕೊಡ. ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ಖರ್ಚಾಗುತ್ತದೆಂದು ಕೇಳಿದರೆ ಯಜಮಾನರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಗೊತ್ತಿರುವುದಿಲ್ಲ, ಹೊತ್ತವರಿಗೆ ಗೊತ್ತು. ಆದುದರಿಂದ ಒಂದು ದಿನ, ಒಂದೇ ಒಂದು ದಿನ, ಯಜಮಾನನು ತಾನೇ ಕುಳಿತು ಎಣಿಸಬೇಕು. ಹಲ್ಲುಜ್ಜುವಾಗ ತೆರೆದುಬಿಟ್ಟ ನಳದಿಂದ ಒಂದು ನಿಮಿಷಕ್ಕೆ ಐದಾರು ಲೀಟರು ಹೋಗುವುದು, ತೊಟ್ಟಿಕ್ಕುವ ನಳದಿಂದ ಒಂದು ಹಗಲು ಒಂದು ರಾತ್ರಿಯಲ್ಲಿ ನಾಲ್ಕು ಲೀಟರು ಸೋರುವುದು, ಬಾಯಿ ತೆರೆದ ತೊಟ್ಟಿಯಿಂದ ಈ ಬಿಸಿಲಿನಲ್ಲಿ ಚದರ ಮೀಟರಿಗೆ ದಿನಕ್ಕೆ ಎಂಟು ಹತ್ತು ಲೀಟರು ಆವಿಯಾಗುವುದು, ಇವೆಲ್ಲ ಆಗ ಕಣ್ಣಿಗೆ ಬೀಳುತ್ತವೆ. ತೊಟ್ಟಿಗೆ ಮುಚ್ಚಳವಿಟ್ಟರೆ ನೀರೂ ಉಳಿಯಿತು, ಡೆಂಗಿ ಜ್ವರದ ಸೊಳ್ಳೆಗೆ ಮೊಟ್ಟೆಯಿಡಲು ಸ್ಥಳವೂ ತಪ್ಪಿತು.

ಆದರೆ ಮನೆಗಳಲ್ಲಿ ನಡೆಯುವ ದೊಡ್ಡ ನಷ್ಟವು ಇವುಗಳಲ್ಲಿಲ್ಲ. ನಾವು ಆಚಾರವೆಂದು ತಿಳಿದ ಒಂದು ವಾಡಿಕೆಯಲ್ಲಿದೆ. ನಳಕ್ಕೆ ನೀರು ಬಂದಿತೆಂದರೆ ಮನೆಯ ಹೆಣ್ಣುಮಕ್ಕಳು ಮೊದಲು ಮಾಡುವ ಕೆಲಸವೇ ‘ಹಳೇ ನೀರು’ ಚೆಲ್ಲುವುದು. ನಿನ್ನೆಯ ಅಥವಾ ನಾಲ್ಕು ದಿನದ ಹಿಂದಿನ ನೀರು ಹಳತಾಯಿತು, ಕೊಡವನ್ನು ಬೆಳಗಿ ಹೊಸ ನೀರು ತುಂಬಬೇಕು ಎಂಬ ಭಾವನೆ. ಕೊಡವನ್ನು ಬೆಳಗುವುದು ಸರಿಯೇ. ಆದರೆ ಮುಚ್ಚಿಟ್ಟ ನೀರು ಒಂದು ರಾತ್ರಿಯಲ್ಲಿ ಮೈಲಿಗೆಯಾಗುವುದೆಂದು ಯಾವ ಶರಣರೂ ಹೇಳಲಿಲ್ಲ. ಕೆರೆಯಲ್ಲಿ ಮೂರು ತಿಂಗಳು ನಿಂತ ನೀರು ನಳದಲ್ಲಿ ಬಂದರೆ ಹೊಸದು, ಮನೆಯ ಹರವಿಯಲ್ಲಿ ಮೂರು ದಿನ ನಿಂತುದು ಹಳತು! ಇದೆಂಥ ತರ್ಕ? ಕುಡಿಯಲು ಮನಸ್ಸು ಒಪ್ಪದಿದ್ದರೆ ಆ ನೀರು ಅರಿವೆ ಒಗೆಯಲು ಆಗಲಿ, ಪಾತ್ರೆ ತಿಕ್ಕಲು ಆಗಲಿ, ಗಿಡಕ್ಕೆ ಆಗಲಿ. ಬಚ್ಚಲಿಗೆ ಸುರಿಯುವುದು ಮಾತ್ರ ಸಲ್ಲದು. ಇಷ್ಟಲಿಂಗದ ಮಜ್ಜನಕ್ಕೆ ನಮಗೆ ಬೇಕಾಗುವುದು ಒಂದು ಸಣ್ಣ ಗಿಂಡಿಯ ನೀರು. ಪಾದೋದಕದ ಒಂದು ಹನಿಯನ್ನೂ ನೆಲಕ್ಕೆ ಬೀಳಗೊಡದೆ ಸ್ವೀಕರಿಸುತ್ತೇವೆ. ಪೂಜೆಯ ಮಣೆಯ ಮೇಲೆ ಹನಿಯನ್ನು ಕಾಯುವವರು ಎದ್ದು ಬಂದು ಹಿತ್ತಲಿನಲ್ಲಿ ಕೊಡವನ್ನು ಚೆಲ್ಲುವುದು ಹೊಂದಿಕೆಯಾಗುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಪಾಠವು ಪರೋಪದೇಶವಾದೀತು. ಮೇಲೆ ಹೇಳಿದ 2024ರ ಬೇಸಗೆಯಲ್ಲಿ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಪೂಜೆಗೆ ಹೂ ಬೇಕೆಂದು ನಾನು ಹಿತ್ತಲಿನಲ್ಲಿ ದುಂಡುಮಲ್ಲಿಗೆಯ ನಾಲ್ಕು ಗಿಡಗಳನ್ನು ಬೆಳೆಸಿದ್ದೆನು. ಒಂದು ದಿನ ಮಧ್ಯಾಹ್ನ ಎಲೆಗಳು ಜೋಲುಬಿದ್ದುದನ್ನು ಕಂಡು, ಕುಡಿಯುವುದಕ್ಕೆಂದು ಇಟ್ಟಿದ್ದ ಎರಡು ಕೊಡಗಳನ್ನು ಎತ್ತಿ ಬುಡಕ್ಕೆ ಸುರಿದೆನು. ಪೂಜೆಯ ಹೂವಿಗಾಗಿ ಸುರಿದುದಲ್ಲವೇ ಎಂಬ ಸಮಾಧಾನವೂ ಮನಸ್ಸಿನಲ್ಲಿತ್ತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ ಹೇಳಿದರು: “ಏನ್ರೀ, ಮಲ್ಲಿಗಿ ಗಿಡಕ್ಕ ಎರಡು ಕೊಡ ಸುರುವಿದ್ರಿ. ಆಚೀ ಮನ್ಯಾಗ ಬಾಣಂತಿ ಅದಾಳ; ನೀರಿಲ್ಲಂತ ನಿನ್ನಿಯಿಂದ ಎರಕೊಂಡಿಲ್ಲ.” ನಾನು ಮೂವತ್ತು ವರ್ಷಗಳಿಂದ ಲಕ್ಕಮ್ಮನ ವಚನಗಳನ್ನು ಪಾಠ ಹೇಳಿದವನು. ಅಂದು ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಉಳಿದಿದ್ದ ಮೂರು ಕೊಡಗಳಲ್ಲಿ ಎರಡನ್ನು ಆ ಮನೆಗೆ ಮುಟ್ಟಿಸಿ ಬಂದೆವು.

ಮರುದಿನದಿಂದ ಬಚ್ಚಲಿನ ನೀರನ್ನು ಮಲ್ಲಿಗೆಯ ಬುಡಕ್ಕೆ ತಿರುಗಿಸಿದೆನು. ಅಲ್ಲಿಯೂ ಅವಿವೇಕವೇ. ಅರಿವೆ ಒಗೆದ ಪುಡಿಯ ನೀರನ್ನೂ ಸ್ನಾನದ ನೀರನ್ನೂ ಬೇರ್ಪಡಿಸದೆ ಬಿಟ್ಟುದರಿಂದ ಮೂರು ವಾರಗಳಲ್ಲಿ ಎಲೆಗಳು ಹಳದಿಯಾಗಿ ಒಂದು ಗಿಡವು ಒಣಗಿಯೇ ಹೋಯಿತು. ಒಗೆಯುವ ಪುಡಿಯಲ್ಲಿ ಸೋಡದ ಅಂಶವಿರುತ್ತದೆ. ನಮ್ಮ ಎರೆಮಣ್ಣು ಮೊದಲೇ ಕ್ಷಾರಗುಣದ್ದು. ಎರಡೂ ಕೂಡಿದರೆ ಮಣ್ಣು ಬಿಗಿದು ಬೇರಿಗೆ ಉಸಿರಿಲ್ಲದಂತಾಗುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಯಾವ ಗಿಡಕ್ಕಾದರೂ ಒಳ್ಳೆಯದು. ಸೀಗೆಕಾಯಿ, ಕಡಲೆಹಿಟ್ಟು ಹಚ್ಚಿಕೊಂಡು ಮಿಂದ ನೀರು, ಸ್ವಲ್ಪ ಸಾಬೂನು ಬೆರೆತ ನೀರು ದೊಡ್ಡ ಗಿಡಗಳಿಗೆ ನಡೆದೀತು. ಆದರೆ ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತೆ, ಸೌತೆಗಳಿಗೆ ಬಚ್ಚಲ ನೀರು ಬೇಡ. ಈ ನೀರನ್ನು ಕೂಡಿಡಲೂ ಬಾರದು. ಅಂದಿನದನ್ನು ಅಂದೇ, ಒಂದೇ ಗಿಡಕ್ಕೆ ಹಾಕದೆ ಸರದಿಯ ಮೇಲೆ ಹಾಕತಕ್ಕುದು.

ಮಧ್ಯಾಹ್ನದಲ್ಲಿ ಎಲೆ ಜೋಲುಬೀಳುವ ವಿಷಯವನ್ನು ಇನ್ನೂ ಬಿಡಿಸಿ ಹೇಳಬೇಕು. ನಾನು ಮೋಸಹೋದುದು ಅಲ್ಲಿಯೇ. ಉರಿಬಿಸಿಲಿನಲ್ಲಿ ಎಲೆಗಳಿಂದ ಹೊರಡುವ ಆವಿಯ ವೇಗಕ್ಕೆ ಬೇರು ಸರಿಸಮವಾಗಿ ನೀರನ್ನು ಮೇಲೆತ್ತಲಾರದು. ಮಣ್ಣಿನಲ್ಲಿ ಹಸಿ ಇದ್ದರೂ ಎಲೆ ಬಾಡುತ್ತದೆ. ಸಂಜೆಯಾಗುತ್ತಲೇ ತಾನಾಗಿ ನಿಗುರುತ್ತದೆ. ಕುಂಬಳ, ಹೀರೆ, ದಾಸವಾಳಗಳಲ್ಲಿ ಇದು ನಿತ್ಯವೂ ಕಾಣುತ್ತದೆ. ಆದುದರಿಂದ ಗಿಡವನ್ನು ಮಧ್ಯಾಹ್ನ ನೋಡಿ ತೀರ್ಮಾನಿಸಬೇಡಿರಿ. ಸೂರ್ಯೋದಯದ ಸಮಯದಲ್ಲಿ ನೋಡಿರಿ. ಆಗಲೂ ಎಲೆ ಜೋತಿದ್ದರೆ ನೀರಿಲ್ಲವೆಂದರ್ಥ. ಇನ್ನೂ ಸಂಶಯವಿದ್ದರೆ ಬುಡದ ಮಣ್ಣಿಗೆ ಬೆರಳನ್ನು ಪೂರ್ತಿ ತೂರಿಸಿ ನೋಡಿರಿ. ತುದಿಗೆ ತಂಪು ತಗುಲಿದರೆ ಈ ದಿನ ನೀರು ಬೇಡ.

ನೀರನ್ನು ಹಾಕುವ ಹೊತ್ತು ನಸುಕು, ಇಲ್ಲವೇ ಇಳಿಹೊತ್ತು. ಹಗಲಿನಲ್ಲಿ ಹಾಕಿದುದು ಬಹುಭಾಗ ಆಕಾಶಕ್ಕೆ ಏರುತ್ತದೆ. ಬಿಸಿಲಿನಲ್ಲಿ ಬಿದ್ದ ಪೈಪಿನಿಂದ ಮೊದಲು ಬರುವ ನೀರಂತೂ ಕೈಯನ್ನು ಸುಡುವಷ್ಟು ಕಾದಿರುತ್ತದೆ. ಅದು ಬೇರಿಗೆ ವಿಷವಿದ್ದಂತೆ. ಕೊಳವೆಬಾವಿಯ ಸವಳು ನೀರನ್ನು ಎಲೆಯ ಮೇಲೆ ಚಿಮುಕಿಸಬಾರದು. ನೀರು ಆರಿದಮೇಲೆ ಉಪ್ಪು ಉಳಿದು ಎಲೆಯ ಅಂಚು ಕಮರುತ್ತದೆ. ದಿನವೂ ಒಂದೊಂದು ತಂಬಿಗೆ ಹಾಕುವುದಕ್ಕಿಂತ ನಾಲ್ಕೈದು ದಿನಕ್ಕೊಮ್ಮೆ ಬೇರು ನೆನೆಯುವಂತೆ ಹಾಕುವುದು ಮೇಲು. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರು ಮೇಲಕ್ಕೇ ಹರಿದು ಬಿಸಿಲಿಗೆ ಸಿಕ್ಕುತ್ತದೆ. ಸಿಂಧನೂರು ಸೀಮೆಯ ಎರೆಭೂಮಿಗೆ ಮತ್ತೊಂದು ಎಚ್ಚರಿಕೆ ಬೇಕು. ಬೇಸಗೆಯಲ್ಲಿ ಅದು ಕೈ ಹಿಡಿಸುವಷ್ಟು ಬಿರಿಯುತ್ತದೆ. ಬಿರುಕಿಗೆ ಸುರಿದ ನೀರು ಬೇರಿಗೆ ದಕ್ಕದೆ ಪಾತಾಳಕ್ಕೆ ಇಳಿಯುತ್ತದೆ. ಮೊದಲು ಕುರುಪಿಯಿಂದ ಮೇಲ್ಮಣ್ಣನ್ನು ಕೆದಕಿ ಬಿರುಕನ್ನು ಮುಚ್ಚಿ, ನಿಧಾನವಾಗಿ ನೀರೆರೆದು, ಅದರ ಮೇಲೆ ಭತ್ತದ ಹುಲ್ಲನ್ನೋ ಶೇಂಗಾ ಹೊಟ್ಟನ್ನೋ ಒಂದು ಗೇಣು ಹಾಸಿದರೆ ಹಸಿಯು ಬಹುದಿನ ನಿಲ್ಲುತ್ತದೆ. ಲಿಂಗಸುಗೂರು ಕಡೆಯ ಮಸಾರಿ ಭೂಮಿಯು ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ. ಅಲ್ಲಿ ಅಷ್ಟೇ ನೀರನ್ನು ಎರಡು ಸಲ ಹಂಚಿ ಹಾಕುವುದು ಲೇಸು.

ಇನ್ನು ಯಾವ ಗಿಡಕ್ಕೆ ಮೊದಲು? ಮಕ್ಕಳಿಗೆ ಅನ್ನದ ಸಂಗಡ ಬರುವ ಕರಿಬೇವು, ನುಗ್ಗೆ, ಈ ವರ್ಷ ನೆಟ್ಟ ಸಸಿಗಳು, ಇವು ಮುಂದಿನ ಸಾಲಿನಲ್ಲಿರಲಿ. ಬೇರೂರಿದ ಬೇವು, ಹುಣಿಸೆ, ಪತ್ರಿಮರಗಳು ತಮ್ಮನ್ನು ತಾವೇ ನೋಡಿಕೊಳ್ಳಬಲ್ಲವು. ಹೂವಿನ ಗಿಡಗಳು ಕಡೆಯವು. ಪೂಜೆಗೆ ಮಲ್ಲಿಗೆಯೇ ಆಗಬೇಕೆಂಬ ಹಟವನ್ನು ಈ ಎರಡು ತಿಂಗಳು ಬಿಡೋಣ. ಬಿಲ್ವದ ಒಂದು ದಳವು ಸಾಕು, ಆ ಮರವೋ ಬರವನ್ನು ತಡೆದು ಬಾಳುವ ಮರ.

ಈಚೆಗೆ ಮನೆಗಳಿಗೆ ಬಂದ ಎರಡು ಯಂತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುವೆನು. ಮೊದಲನೆಯದು ನೀರನ್ನು ಶುದ್ಧಮಾಡುವ ಯಂತ್ರ. ಫ್ಲೋರೈಡಿರುವ ಊರಿಗೆ ಇದು ಅವಶ್ಯ. ಆದರೆ ಒಂದು ಕೊಡ ಶುದ್ಧ ನೀರಿಗೆ ಒಂದು ಕೊಡ, ಕೆಲವೊಮ್ಮೆ ಎರಡು ಮೂರು ಕೊಡ ನೀರನ್ನು ಅದು ಹೊರಗೆ ಬಿಡುತ್ತದೆ. ಆ ನೀರಿನಲ್ಲಿ ಉಪ್ಪು ಇಮ್ಮಡಿಸಿರುವುದರಿಂದ ಗಿಡಕ್ಕೆ ಬೇಡ. ನೆಲ ಒರೆಸಲು, ಶೌಚಕ್ಕೆ ಹಿಡಿದಿಟ್ಟುಕೊಳ್ಳಿರಿ. ಎರಡನೆಯದು ಕೂಲರು. ಇದು ನೀರನ್ನು ಆವಿಮಾಡಿಯೇ ತಂಪು ಕೊಡುವ ಯಂತ್ರ. ಹಗಲೆಲ್ಲ ನಡೆದರೆ ಒಂದೆರಡು ಕೊಡಗಳನ್ನು ಸುಲಭವಾಗಿ ಕುಡಿದುಬಿಡುತ್ತದೆ. ಮುದುಕರಿಗೂ ಹಸುಗೂಸಿಗೂ ಅದು ಬೇಕು, ಬೇಡವೆನ್ನುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವುದು ಬೇಡ.

ಇಲ್ಲಿ ಒಂದು ಶಂಕೆ. “ಗದ್ದೆಗಳಿಗೆ ಹೊಳೆಯೇ ಹರಿದುಹೋಗುತ್ತಿರುವಾಗ ನಾವು ಒಂದು ಕೊಡ ಉಳಿಸಿ ಏನಾಯಿತು?” ಎಂದು ತರುಣರು ಕೇಳುತ್ತಾರೆ. ಶಂಕೆಯು ಯೋಗ್ಯವಾದುದು, ಹಾರಿಸಿ ಮಾತನಾಡಬಾರದು. ತುಂಗಭದ್ರಾ ಜಲಾಶಯವು ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಒಂದು ಟಿ.ಎಂ.ಸಿ. ಎಂದರೆ 2,831 ಕೋಟಿ ಲೀಟರು. ಲಕ್ಷ ಜನರ ಪಟ್ಟಣಕ್ಕೆ ತಲೆಗೆ 135 ಲೀಟರಿನಂತೆ ಕೊಟ್ಟರೆ, ಸೋರದೆ ಆವಿಯಾಗದೆ ಉಳಿದ ಪಕ್ಷದಲ್ಲಿ, ಆ ಒಂದೇ ಟಿ.ಎಂ.ಸಿ. ಐದು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಆದುದರಿಂದ ನಮ್ಮ ಕೊಡವು ಕಾಲುವೆಯನ್ನು ತುಂಬಿಸಲಾರದು, ನಿಜ. ಆದರೆ ಕಾಲುವೆ ನಿಂತಮೇಲೆ ಊರಿನ ಲೆಕ್ಕವು ಜಲಾಶಯದ್ದಲ್ಲ, ಕೆರೆಯದು. ಓಣಿಯ ಲೆಕ್ಕವು ಕೆರೆಯದಲ್ಲ, ಮೇಲಿನ ತೊಟ್ಟಿಯದು. ಅಲ್ಲಿ ಓಣಿಯ ಮೊದಲ ಮನೆಯವನು ಪೈಪು ಹಚ್ಚಿ ಅಂಗಳವನ್ನು ತೊಳೆದರೆ ಕಡೆಯ ಮನೆಯ ನಳದಲ್ಲಿ ಗಾಳಿ ಮಾತ್ರ ಬರುತ್ತದೆ. ಕಾಲುವೆಯ ಕೊನೆಭಾಗದ ರೈತನಿಗೆ ನೀರು ಮುಟ್ಟಲಿಲ್ಲವೆಂದು ಪ್ರತಿವರ್ಷವೂ ದೂರುವ ನಾವು ನಮ್ಮ ಓಣಿಯ ಕೊನೆಭಾಗವನ್ನು ನೋಡುವುದಿಲ್ಲ.

ಗದ್ದೆಯ ನೀರಿನ ಮಾತಿಗೂ ಮನೆಯಲ್ಲಿ ಒಂದು ಉತ್ತರ ಉಂಟು. ಒಂದು ಕಿಲೋ ಭತ್ತ ಬೆಳೆಯಲು ಸರಾಸರಿ ಎರಡೂವರೆ ಸಾವಿರ ಲೀಟರು ನೀರು ಬೇಕೆಂದು ಬಲ್ಲವರ ಎಣಿಕೆ. ಹೀಗಾಗಿ ಎಲೆಯಲ್ಲಿ ಬಿಟ್ಟೆದ್ದ ಒಂದು ಹಿಡಿ ಅನ್ನದ ಹಿಂದೆ ಹತ್ತು ಕೊಡಕ್ಕೆ ಕಡಿಮೆಯಿಲ್ಲದಷ್ಟು ನೀರು ಹರಿದಿರುತ್ತದೆ. ಮದುವೆ, ಜಾತ್ರೆಗಳು ಬೇಸಗೆಯಲ್ಲಿಯೇ ಹೆಚ್ಚು. ಮಾರಯ್ಯನು ನೆಲದಿಂದ ಒಂದೊಂದು ಕಾಳನ್ನು ಆಯ್ದುದು ಈ ದೃಷ್ಟಿಯಿಂದಲೂ ನೋಡತಕ್ಕುದಾಗಿದೆ.

ಮಸ್ಕಿಯ ಬೆಟ್ಟದ ಗವಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಕೊರೆದಿರುವುದು ಲೋಕಪ್ರಸಿದ್ಧ. ಅವನು ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದ ಸಂಗತಿಯು ಈ ಶಾಸನದಲ್ಲಿಲ್ಲ, ಅವನ ಬೇರೆ ಶಾಸನಗಳಲ್ಲಿದೆ. ಕೆಲವರು ಎರಡನ್ನೂ ಬೆರೆಸಿ ಹೇಳುವುದರಿಂದ ಈ ಮಾತನ್ನು ಸೂಚಿಸಿದೆನು. ಅಂಥ ಚಕ್ರವರ್ತಿಯೂ ಮರವನ್ನೂ ಬಾವಿಯನ್ನೂ ಜೊತೆಯಾಗಿಯೇ ಹೇಳಿದನೆಂಬುದು ಗಮನಾರ್ಹ.

ಕಡೆಯದಾಗಿ, ಹೊಸ ಸಸಿಯನ್ನು ಉಳಿಸಿಕೊಳ್ಳುವ ಒಂದು ಉಪಾಯ. ಕುಂಬಾರರಲ್ಲಿ ಬಣ್ಣ ಬಳಿಯದ, ಐದಾರು ಲೀಟರು ಹಿಡಿಯುವ ಗಡಿಗೆಯನ್ನು ಕೊಳ್ಳಿರಿ. ಸಸಿಯಿಂದ ಒಂದು ಗೇಣು ದೂರದಲ್ಲಿ ಕುಣಿ ತೋಡಿ, ಗಡಿಗೆಯನ್ನು ಕೊರಳಿನವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಕಲ್ಲನ್ನೋ ಮುಚ್ಚಳವನ್ನೋ ಇಡಿರಿ. ಸುತ್ತಲ ಮಣ್ಣು ಒಣಗಿದಂತೆ ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗುವುದು ತಾನಾಗಿ ತಗ್ಗುತ್ತದೆ. ಅಂದರೆ ಗಿಡಕ್ಕೆ ಬೇಕಾದಷ್ಟೇ. ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ ತುಂಬಿದರಾಯಿತು. ಹಳೇ ನೀರೆಂದು ಚೆಲ್ಲುವುದು ಇಲ್ಲಿಗೆ ಸಲ್ಲಲಿ. ಸವಳು ನೀರನ್ನು ಮಾತ್ರ ಹಾಕಬೇಡಿರಿ. ಉಪ್ಪು ಕಟ್ಟಿ ಗಡಿಗೆಯ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಮಳೆಗಾಲದ ಮೊದಲ ಮಳೆಯಲ್ಲಿ ಮಾಳಿಗೆಯ ಧೂಳು ತೊಳೆದುಹೋಗಲು ಬಿಟ್ಟು, ಆಮೇಲಿನ ನೀರನ್ನು ತೊಟ್ಟಿಗೆ ಹಿಡಿಯಿರಿ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ಸಾವಿರ ಲೀಟರು. ನಮ್ಮ ಮನೆಯಲ್ಲಿ ಉಳಿದ ಮೂರು ಮಲ್ಲಿಗೆಯ ಗಿಡಗಳಿಗೂ ಒಂದು ಪತ್ರಿಯ ಸಸಿಗೂ ಇಂಥ ಗಡಿಗೆಗಳನ್ನು ಹೂಳಿದ್ದೇವೆ. ಅವುಗಳನ್ನು ತುಂಬುವ ಲೆಕ್ಕವು ಈಗ ನನ್ನ ಕೈಯಲ್ಲಿಲ್ಲ, ಮನೆಯವರ ಕೈಯಲ್ಲಿದೆ.